ಭಾರತದ ಡಿಯೋಡರೆಂಟ್ ಮಾರುಕಟ್ಟೆಯ ಗಾತ್ರವನ್ನು ಲೆಕ್ಕ ಹಾಕುವ ಬಗೆ

ಡಿಯೋಡರೆಂಟ್ ವಿತರಣೆಗೆ ಬಂಡವಾಳ ಹೂಡಲು ಹೊರಟವರಿಗಾಗಲಿ, ಯೋಜನಾ ವರದಿ ಬರೆಯುವ ವಾಣಿಜ್ಯ ವಿದ್ಯಾರ್ಥಿಗಾಗಲಿ ಮೊದಲು ಎದುರಾಗುವ ತೊಡಕೆಂದರೆ, ಒಂದೇ ವರ್ಷದ ಮಾರುಕಟ್ಟೆಗೆ ಎರಡು ವರದಿಗಳು ಎರಡು ಮೊತ್ತಗಳನ್ನು ಹೇಳುವುದು. ಎರಡರಲ್ಲೊಂದು ಸುಳ್ಳೆಂದು ತೀರ್ಮಾನಿಸಬೇಕಾಗಿಲ್ಲ. ಯಾವ ಸರಕನ್ನು ಎಣಿಸಿದ್ದಾರೆ, ಯಾವ ಹಂತದ ಬೆಲೆಯಲ್ಲಿ ಎಣಿಸಿದ್ದಾರೆ ಎಂಬುದನ್ನು ಮೊದಲು ವಿಚಾರಿಸಿ.

ನಮ್ಮ ಫ್ಯಾನ್ಸಿ ಸ್ಟೋರುಗಳಲ್ಲಿ ಬಾಡಿ ಸ್ಪ್ರೇಯನ್ನೂ ಪಾಕೆಟ್ ಪರ್ಫ್ಯೂಮನ್ನೂ ‘ಸೆಂಟು’ ಎಂದೇ ಕೇಳುವವರಿದ್ದಾರೆ. ಸುಂಕದ ವರ್ಗೀಕರಣ ಅಷ್ಟು ಉದಾರವಲ್ಲ: ಮೈಗೆ ಬಳಸುವ ಡಿಯೋಡರೆಂಟ್ ಮತ್ತು ಬೆವರು ತಡೆಯುವ ಉತ್ಪನ್ನಗಳು 3307 20 ಸಂಕೇತದಡಿ ಬಂದರೆ, ಸುಗಂಧದ್ರವ್ಯಗಳು 3303ರಡಿ ಬರುತ್ತವೆ. 1999ರಲ್ಲಿ ಆ್ಯಕ್ಸ್ ಎಂಬ ಡಿಯೋಡರೆಂಟ್ ಬ್ರಾಂಡ್ ಇಲ್ಲಿಗೆ ಬಂದಾಗ ಡಿಯೋ ಎಂದರೆ ಗ್ಯಾಸ್ ತುಂಬಿದ ಡಬ್ಬಿ ಎಂಬ ಕಲ್ಪನೆ ಬೇರೂರಿತು. 2011ರಲ್ಲಿ ಅಹಮದಾಬಾದಿನ ವಿನಿ ಕಾಸ್ಮೆಟಿಕ್ಸ್ ‘ಗ್ಯಾಸ್ ಇಲ್ಲ’ ಎಂಬ ಮಾತಿನೊಂದಿಗೆ ಫಾಗ್ ತಂದ ಮೇಲೆ ಡಿಯೋ ಮತ್ತು ಪರ್ಫ್ಯೂಮ್ ನಡುವಿನ ಗೆರೆ ಮಸುಕಾಯಿತು. ಗ್ಯಾಸ್ ಡಬ್ಬಿಗಳನ್ನಷ್ಟೇ ಎಣಿಸುವ ವರದಿಯಲ್ಲಿ ಮಾರುಕಟ್ಟೆ ಕುಸಿದಂತೆ ಕಂಡರೆ, ಗ್ರಾಹಕರು ಪಕ್ಕದ ಬಾಟಲಿಗೆ ಹೋದರೇ ಎಂದು ಪರಿಶೀಲಿಸದೆ ಮುಂದುವರಿಯಬೇಡಿ.

ಬೆಲೆಯ ಹಂತವನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ಎಂಆರ್‌ಪಿ 236 ರೂಪಾಯಿ ಇರುವ ಡಬ್ಬಿಯಲ್ಲಿ ಶೇ 18ರ ಜಿಎಸ್‌ಟಿ 36 ರೂಪಾಯಿ. ಉಳಿದ 200ರಲ್ಲಿ ವಿತರಕರಿಗೂ ಅಂಗಡಿಯವರಿಗೂ ಸೇರಿ 40 ರೂಪಾಯಿ ಹೋಯಿತೆಂದುಕೊಂಡರೆ ಕಂಪನಿಯ ಲೆಕ್ಕಕ್ಕೆ ಬರುವುದು 160 ಮಾತ್ರ. ಹೀಗಾಗಿ ಕಂಪನಿಗಳ ಆದಾಯವನ್ನು ಕೂಡಿಸಿ 1,000 ಕೋಟಿ ರೂಪಾಯಿ ಎನ್ನುವವರೂ ಎಂಆರ್‌ಪಿಯಲ್ಲಿ ಎಣಿಸಿ 1,475 ಕೋಟಿ ಎನ್ನುವವರೂ ಅಷ್ಟೇ ಡಬ್ಬಿಗಳ ಬಗ್ಗೆ ಮಾತನಾಡುತ್ತಿರಬಹುದು. ತೆರಿಗೆ ಬದಲಾದಾಗ ಇದು ಇನ್ನಷ್ಟು ಕಾಡುತ್ತದೆ. 2017ರ ನವೆಂಬರ್ 15ರಿಂದ ಡಿಯೋಡರೆಂಟ್ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಆ ಇಳಿಕೆ ಪೂರ್ತಿಯಾಗಿ ಗ್ರಾಹಕರಿಗೆ ತಲುಪಿದ್ದರೆ, ಒಂದೇ ಒಂದು ಡಬ್ಬಿಯ ಮಾರಾಟ ಕಡಿಮೆಯಾಗದಿದ್ದರೂ ಚಿಲ್ಲರೆ ಮೌಲ್ಯ ಸುಮಾರು ಶೇ 8ರಷ್ಟು ಇಳಿದಂತೆ ತೋರುತ್ತದೆ. ಆದ್ದರಿಂದ ಮೌಲ್ಯದ ಪಕ್ಕದಲ್ಲಿ ಡಬ್ಬಿಗಳ ಸಂಖ್ಯೆಗೂ ಮಿಲಿಲೀಟರಿಗೂ ಬೇರೆ ಬೇರೆ ಕಾಲಂ ಇಡಿ. ಒಂದು ಕೊಂಡರೆ ಇನ್ನೊಂದು ಉಚಿತ ಎಂಬ ಕೊಡುಗೆಗಳ ಕಾಲದಲ್ಲಿ ಈ ಮೂರೂ ಮೂರು ದಿಕ್ಕಿಗೆ ಹೋಗುವುದುಂಟು.

ಕಂಪನಿಗಳ ಲೆಕ್ಕಪತ್ರಗಳಿಂದ ನೇರ ಉತ್ತರ ಸಿಗುವುದು ಅಪರೂಪ. ಎಂಗೇಜ್ ಮಾರುವ ಐಟಿಸಿಯಾಗಲಿ, ಆ್ಯಕ್ಸ್ ಮಾರುವ ಹಿಂದೂಸ್ತಾನ್ ಯೂನಿಲಿವರ್ ಆಗಲಿ ಡಿಯೋ ಆದಾಯವನ್ನು ದೊಡ್ಡ ವಿಭಾಗಗಳೊಳಗೆ ಸೇರಿಸಿ ತೋರಿಸುತ್ತವೆ. ಷೇರುಪೇಟೆಯಲ್ಲಿಲ್ಲದ, ಆದರೆ ಸುಗಂಧ ಉತ್ಪನ್ನಗಳನ್ನೇ ಮುಖ್ಯವಾಗಿ ನೆಚ್ಚಿಕೊಂಡ ಕಂಪನಿಗಳು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯಕ್ಕೆ ಸಲ್ಲಿಸುವ ವಾರ್ಷಿಕ ಲೆಕ್ಕ ಇದಕ್ಕಿಂತ ಹೆಚ್ಚು ಉಪಯುಕ್ತ. ಆದರೆ ಒಂದು ಕಂಪನಿ ಇನ್ನೊಂದರ ವ್ಯವಹಾರವನ್ನು ಕೊಳ್ಳುವ ಒಪ್ಪಂದದ ಮೊತ್ತವನ್ನು ಮಾರುಕಟ್ಟೆಯ ಅಳತೆಗೋಲಾಗಿ ಬಳಸಬೇಡಿ: 2023ರಲ್ಲಿ ಗೋದ್ರೆಜ್ ಕನ್ಸ್ಯೂಮರ್ ಸಂಸ್ಥೆಯು ರೇಮಂಡ್‌ನ ವ್ಯವಹಾರಕ್ಕೆ ಕೊಟ್ಟ 2,825 ಕೋಟಿ ರೂಪಾಯಿಯಲ್ಲಿ ಡಿಯೋ ಮಾರುವ ಪಾರ್ಕ್ ಅವೆನ್ಯೂ ಬ್ರಾಂಡ್ ಮಾತ್ರವಲ್ಲ, ಕಾಮಸೂತ್ರ ಕಾಂಡೋಮ್ ಕೂಡ ಸೇರಿತ್ತು.

ಮಾರಾಟದ ಏರಿಳಿತವನ್ನು ಹಿಂದಿನ ತಿಂಗಳಿಗೆ ಹೋಲಿಸದೆ ಹಿಂದಿನ ವರ್ಷದ ಅದೇ ತ್ರೈಮಾಸಿಕಕ್ಕೆ ಹೋಲಿಸಿ, ಏಕೆಂದರೆ ಬೇಸಿಗೆಯ ಬೇಡಿಕೆಯನ್ನು ಮಳೆಗಾಲದೊಂದಿಗೆ ಇಟ್ಟರೆ ಸಿಗುವುದು ಹವಾಮಾನದ ವರದಿಯೇ ಹೊರತು ಮಾರುಕಟ್ಟೆಯದಲ್ಲ. ಲಾಕ್‌ಡೌನ್ ಇದ್ದ 2020ರ ಏಪ್ರಿಲ್–ಜೂನ್ ಅವಧಿಯನ್ನು ಆಧಾರವಾಗಿಟ್ಟುಕೊಂಡ ಯಾವ ಬೆಳವಣಿಗೆ ದರವನ್ನೂ ನಾನಂತೂ ಪಕ್ಕಕ್ಕಿಡುತ್ತೇನೆ. 2019ರ ಅದೇ ಅವಧಿಯಿಂದ ಲೆಕ್ಕ ಹಿಡಿಯುವುದು ಮೇಲು. ಪೌಡರ್ ಮಾರಾಟದ ಮೇಲೂ ಕಣ್ಣಿಡಿ: 2025ರ ಸೆಪ್ಟೆಂಬರ್ 22ರಿಂದ ಟಾಲ್ಕಂ ಪೌಡರಿನ ಜಿಎಸ್‌ಟಿ ಶೇ 5ಕ್ಕೆ ಇಳಿದಿರುವುದರಿಂದ, ಬೆವರಿನ ವಾಸನೆಗೆ ಪೌಡರನ್ನೇ ನಂಬಿದ ಮನೆಗಳು ಡಿಯೋ ಕಡೆಗೆ ಬರುವ ವೇಗ ಬದಲಾಗಬಹುದು.

ಕೊನೆಯದಾಗಿ ಪರಿಚಯದ ವಿತರಕರೊಬ್ಬರ ಬಳಿ ಕುಳಿತು, ಕಂಪನಿಯಿಂದ ಬಂದ ಸರಕೆಷ್ಟು, ಅದರಲ್ಲಿ ಅಂಗಡಿಗಳಿಗೆ ಹೋದದ್ದೆಷ್ಟು ಎಂದು ಕೇಳಿ. ಕಂಪನಿಯ ಪುಸ್ತಕದಲ್ಲಿ ಮಾರಾಟವೆಂದು ದಾಖಲಾದ ಡಬ್ಬಿಗಳಲ್ಲಿ ಎಷ್ಟು ಇನ್ನೂ ಗೋದಾಮಿನಲ್ಲಿವೆ ಎಂಬುದು ಅಲ್ಲಿ ಮಾತ್ರ ಕಾಣಸಿಗುತ್ತದೆ.