ಬೀದಿನಾಯಿ ಕೆಲಸ ಅನ್ನದ ಜಾಗದಿಂದ ಶುರುವಾಗಬೇಕು

ನಮ್ಮ ಬಡಾವಣೆಯಲ್ಲಿ ನಾವು ಮೊದಲು ನಾಯಿ ಹಿಡಿಸಲಿಲ್ಲ, ಅನ್ನ ಹಾಕುವ ಜಾಗ ಗೊತ್ತುಮಾಡಿದೆವು. ಮನೆಗೊಂದು ಕಡೆ ತಂಗಳು ಸುರಿಯುತ್ತಿದ್ದರೆ ನಾಯಿಗಳನ್ನು ಎಣಿಸುವುದಕ್ಕೇ ಆಗುವುದಿಲ್ಲ, ಇನ್ನು ಲಸಿಕೆ ಹಾಕಿಸುವುದು ಹೇಗೆ? 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಹೇಳುವ ಪ್ರಕಾರ ಈ ಜಾಗ ಮೆಟ್ಟಿಲು, ಗೇಟು, ಮಕ್ಕಳು ಆಡುವ ಕಡೆಯಿಂದ ದೂರವಿರಬೇಕು. ಮಕ್ಕಳು, ವಯಸ್ಸಾದವರು ಓಡಾಡುವ ಹೊತ್ತನ್ನೂ ತಪ್ಪಿಸಬೇಕು. ಕಂಡಕಂಡ ಬೀದಿಯಲ್ಲಿ ಹಾಕುವಂತಿಲ್ಲ, ವಾರ್ಡಿನಲ್ಲಿ ಪಾಲಿಕೆಯೇ ಜಾಗ ಗುರುತಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ಹೇಳಿದೆ. ಹಾಗಾಗಿ ಜಾಗದ ಒಪ್ಪಿಗೆ ಬರಹದಲ್ಲಿರಲಿ.

ಒಂದೇ ರಾಶಿ ಹಾಕಬೇಡಿ. ನಾಯಿಗೊಂದು ತಟ್ಟೆ, ನಡುವೆ ಎರಡು ಮಾರು ಅಂತರ. ರಾಶಿಗೆ ಕಚ್ಚಾಡುವಾಗ ಪಕ್ಕದಲ್ಲಿ ಹೋಗುವವರಿಗೂ ಬಾಯಿ ಬೀಳುತ್ತದೆ. ಅರ್ಧ ಗಂಟೆಯಲ್ಲಿ ತಟ್ಟೆ ಎತ್ತಿ ನೆಲ ತೊಳೆಯಬೇಕು, ಉಳಿದಿದ್ದು ಇಲಿಗಳನ್ನೂ ಬೇರೆ ಬೀದಿಯ ನಾಯಿಗಳನ್ನೂ ಕರೆಯುತ್ತದೆ. ಜಾಗ ಬದಲಿಸುವುದಾದರೆ ತಟ್ಟೆಯನ್ನು ದಿನಕ್ಕೆ ನಾಲ್ಕು ಹೆಜ್ಜೆ ಸರಿಸಿ, ನಾಯಿಗಳು ಹಿಂದೆಯೇ ಬರುತ್ತವೆ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದ ಪಕ್ಕದಲ್ಲಂತೂ ಬೇಡವೇ ಬೇಡ. ಸುಪ್ರೀಂ ಕೋರ್ಟಿನ 2025ರ ನವೆಂಬರ್ 7ರ ಆದೇಶದಂತೆ ಅಂಥ ಕಡೆ ಹಿಡಿದ ನಾಯಿಯನ್ನು ಮತ್ತೆ ಅಲ್ಲಿ ಬಿಡುವುದಿಲ್ಲ. ಅಲ್ಲಿ ಅನ್ನ ಹಾಕಿದರೆ ನಾಯಿಗೇ ಕೇಡು.

ಸಂತಾನಹರಣಕ್ಕೆ ನಾಯಿ ಹಿಡಿಯುವ ಬೆಳಗ್ಗೆ ಅನ್ನ ನಿಲ್ಲಿಸಬೇಕು. ಹಸಿದಿದ್ದರೆ ಬೇಗ ಹತ್ತಿರ ಬರುತ್ತವೆ, ಅರಿವಳಿಕೆ ಕೊಟ್ಟಾಗ ವಾಂತಿಯ ಅಪಾಯವೂ ಕಡಿಮೆ. ದಿನವೂ ಅನ್ನ ಹಾಕುವವರು ಹೆಸರು ಹಿಡಿದು ಕರೆದರೆ ಕೈಯಲ್ಲೇ ಎತ್ತಬಹುದು. ಇಲ್ಲದಿದ್ದರೆ ಬಲೆ ಬಳಸಿ. ತಂತಿ ಕುಣಿಕೆ ಮಾತ್ರ ಖಂಡಿತ ಬೇಡ. ಹೆಣ್ಣುನಾಯಿಯ ಮೊಲೆ ನೋಡಿ: ಹಾಲು ತುಂಬಿ ಜೋತಿದ್ದರೆ ಬಿಟ್ಟುಬಿಡಿ, ಎಲ್ಲೋ ಮೋರಿಯೊಳಗೆ ಮರಿಗಳಿರುತ್ತವೆ.

ಫೋಟೋ, ಹಿಡಿದಾಗ ನಾಯಿಗೆ ಕಟ್ಟುವ ಟ್ಯಾಗ್ ಸಂಖ್ಯೆಯ ಜೊತೆ ಯಾವ ಕಂಬದ ಹತ್ತಿರ ಹಿಡಿದರು ಎಂಬುದನ್ನೂ ಬರೆದಿಟ್ಟುಕೊಳ್ಳಿ. ಹೆಚ್ಚು ಕೆಡುವುದು ಇಲ್ಲೇ. ಸಂತಾನಹರಣ ಆದಮೇಲೆ ಹಿಡಿದ ಕಡೆಯೇ ಬಿಡದೆ ಎರಡು ಬೀದಿ ಆಚೆ ಬಿಟ್ಟರೆ ಅಲ್ಲಿನ ಗುಂಪು ಅಟ್ಟುತ್ತದೆ. ಹೆದರಿದ ನಾಯಿ ದೊಡ್ಡ ರಸ್ತೆಗೆ ನುಗ್ಗುತ್ತದೆ, ಅಡ್ಡ ಬಂದವರನ್ನು ಕಚ್ಚುತ್ತದೆ. ಖಾಲಿಯಾದ ನಮ್ಮ ಬೀದಿಗೆ ಲಸಿಕೆಯಿಲ್ಲದ ಹೊಸ ನಾಯಿ ಸೇರುತ್ತದೆ. ಅದಕ್ಕೇ ಬಿಡುವ ದಿನ ನಮ್ಮವರೊಬ್ಬರು ವಾಹನದ ಬಳಿ ಇರಲೇಬೇಕು.

ಕಿವಿ ಕತ್ತರಿಸಿದ ಗುರುತು ಕಂಡರೆ ಸಂತಾನಹರಣ ಆಗಿದೆ ಎಂದಷ್ಟೇ ಅರ್ಥ. ರೇಬೀಸ್ ಲಸಿಕೆ ಪ್ರತಿ ವರ್ಷ ಬೇಕು, ಶೇ 70ರಷ್ಟು ನಾಯಿಗಳಿಗಾದರೂ ಬೀಳಬೇಕು.

ಯಾರನ್ನಾದರೂ ಕಚ್ಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ನಾಯಿಯನ್ನು ಹತ್ತು ದಿನ ಗಮನಿಸುತ್ತಾರೆಂದು ಚುಚ್ಚುಮದ್ದು ಮುಂದೂಡಬೇಡಿ. ದವಡೆ ಜೋತು ಜೊಲ್ಲು ಸುರಿಸುತ್ತ ಕಲ್ಲು, ಕಟ್ಟಿಗೆ ಕಚ್ಚುವ ನಾಯಿಯನ್ನು ಮುಟ್ಟದೆ ಪಶುವೈದ್ಯರಿಗೆ ತಿಳಿಸಿ. ಸಿಟ್ಟಿಗೆ ವಿಷವಿಟ್ಟರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಡಿ ಐದು ವರ್ಷದವರೆಗೆ ಜೈಲು.

ತಟ್ಟೆಯ ಬಳಿ ಕಿವಿ ಗುರುತಿಲ್ಲದ ನಾಯಿ ಬಂದರೆ ಮೊದಲು ಗೊತ್ತಾಗುವುದು ಅನ್ನ ಹಾಕುವವರಿಗೆ. ಅಂದೇ ಫೋಟೋ ತೆಗೆದು ಮುಂದಿನ ಪಟ್ಟಿಗೆ ಸೇರಿಸುವುದು ಅವರದೇ ಹೊಣೆ.