ಕಲ್ಲಂಗಡಿ ಹೊಲದಲ್ಲಿ ತುಡುವೆ ಪೆಟ್ಟಿಗೆ: ನನ್ನ ಅನುಭವ

ಗೊಬ್ಬರ, ಡ್ರಿಪ್, ಮಲ್ಚಿಂಗ್ ಎಲ್ಲಕ್ಕೂ ಲೆಕ್ಕ ಹಾಕುವ ಕಲ್ಲಂಗಡಿ ಬೆಳೆಗಾರರು ಜೇನನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೀಚು ನಿಲ್ಲುತ್ತದೋ ಉದುರುತ್ತದೋ ಎಂಬುದು ತೀರ್ಮಾನವಾಗುವುದು ಒಂದೇ ಬೆಳಗ್ಗೆ. ಹೆಣ್ಣು ಹೂ ಹೊತ್ತು ಮೂಡುವಾಗ ಅರಳಿ ಮಧ್ಯಾಹ್ನದ ಹೊತ್ತಿಗೆ ಮುದುಡುತ್ತದೆ, ಮತ್ತೆ ಅರಳುವುದಿಲ್ಲ. ಪರಾಗ ಅಂಟಂಟಾಗಿರುವುದರಿಂದ ಗಾಳಿಗೆ ಹಾರುವುದಿಲ್ಲ. ಕೆಲವು ತಳಿಗಳ ಹೆಣ್ಣು ಹೂವಿನಲ್ಲಿ ಪರಾಗವೂ ಇರುತ್ತದೆ, ಆದರೂ ಹುಳು ಬರದೆ ಕಾಯಿ ಕಟ್ಟುವುದಿಲ್ಲ.

ಹೆಣ್ಣು ಹೂವಿನ ನಡುವಿನ ಹಸಿರು ಶಲಾಕಾಗ್ರವನ್ನು, ಅಂದರೆ ಪರಾಗ ಹಿಡಿಯುವ ತುದಿಯನ್ನು, ಹತ್ತಿರದಿಂದ ನೋಡಿ, ಮೂರು ಹೋಳು ಕಾಣುತ್ತವೆ. ಮೂರಕ್ಕೂ ಪರಾಗ ಬೀಳಬೇಕು. ಒಂದು ಹೋಳಿಗೆ ಕಡಿಮೆಯಾದರೆ ಆ ಬದಿಯಲ್ಲಿ ಬೀಜ ಕಟ್ಟುವುದಿಲ್ಲ, ತಿರುಳೂ ತುಂಬುವುದಿಲ್ಲ, ಹಣ್ಣು ಸೊಟ್ಟಗಾಗುತ್ತದೆ. ಇದನ್ನು ನೀರಿನ ಅಥವಾ ಬೋರಾನ್ ಕೊರತೆ ಎಂದುಕೊಂಡು ದುಡ್ಡು ಸುರಿಯುವವರು ಬಹಳ. ಒಂದು ಹೂವಿಗೆ ಎಂಟು ಸಲವಾದರೂ ಹುಳು ಬಂದು ಕೂರಬೇಕು.

ಎಕರೆಗೆ ಎರಡು ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಾಡಜೇನು) ಪೆಟ್ಟಿಗೆ ಇಡುತ್ತೇನೆ. ಪೆಟ್ಟಿಗೆ ಆರಿಸುವಾಗ ಜೇನುತುಪ್ಪ ನೋಡುವುದಿಲ್ಲ, ಮರಿ ನೋಡುತ್ತೇನೆ. ಐದಾರು ಎರಿಗಳ (ಜೇನು ಕಟ್ಟುವ ಮೇಣದ ಹಲ್ಲೆಗಳ) ತುಂಬ ಹುಳು, ಎರಿಯ ಕಣ್ಣುಗಳಲ್ಲಿ, ಅಂದರೆ ಪುಟ್ಟ ಕೋಣೆಗಳಲ್ಲಿ, ಮೊಟ್ಟೆ ಮತ್ತು ಮರಿಹುಳು ಇರಬೇಕು. ಮರಿಗಳಿಗೆ ಪರಾಗವೇ ಆಹಾರ. ಮರಿ ಹೆಚ್ಚಿದ್ದಷ್ಟೂ ಪರಾಗಕ್ಕೆ ಹೋಗುವ ಹುಳು ಹೆಚ್ಚು.

ಪೆಟ್ಟಿಗೆಯನ್ನು ಮೊದಲೇ ತಂದಿಡಬೇಡಿ. ಬಳ್ಳಿಯಲ್ಲಿ ಮೊದಲು ಬರುವುದು ಗಂಡು ಹೂ, ಆಮೇಲೆ ಹೆಣ್ಣು ಹೂ. ಕಲ್ಲಂಗಡಿ ಹೂವಿನಲ್ಲಿ ಮಕರಂದ ಅಷ್ಟಕ್ಕಷ್ಟೇ. ಹೂವಿಲ್ಲದ ಹೊಲಕ್ಕೆ ಬಂದ ಹುಳು ಪಕ್ಕದ ಸೂರ್ಯಕಾಂತಿಯನ್ನೋ ಹೊಂಗೆಯನ್ನೋ ಹಿಡಿದರೆ ನಮ್ಮ ಕಡೆ ತಿರುಗುವುದು ಕಷ್ಟ. ಹೆಣ್ಣು ಹೂ ಅಲ್ಲಲ್ಲಿ ಕಂಡ ದಿನ ರಾತ್ರಿ ತರುವುದು ಸರಿ. ಬಳ್ಳಿಗೆ ಕ್ರಾಪ್ ಕವರ್ (ತೆಳು ಬಟ್ಟೆಯ ಹೊದಿಕೆ) ಹಾಕಿದ್ದರೆ ಅದೇ ದಿನ ತೆಗೆಯಬೇಕು. ಒಳಗೆ ಅರಳಿದ ಹೂವೆಲ್ಲ ವ್ಯರ್ಥ.

ಕತ್ತಲಾಗಿ ಹುಳುಗಳೆಲ್ಲ ಒಳಸೇರಿದ ಮೇಲೆ ಬಾಗಿಲಿಗೆ ಜಾಲರಿ ಬಿಗಿದು, ಚೌಕಟ್ಟುಗಳು ಅಲ್ಲಾಡದಂತೆ ಕಟ್ಟುತ್ತೇನೆ. ಗಾಡಿಯಲ್ಲಿ ಎರಿಗಳು ಗಾಡಿಯ ಉದ್ದಕ್ಕೆ ಇರಲಿ. ಅಡ್ಡ ಇಟ್ಟರೆ ಬ್ರೇಕ್ ಹಾಕಿದಾಗಲೆಲ್ಲ ಒಂದಕ್ಕೊಂದು ಬಡಿದು ರಾಣಿಯೇ ಸಾಯಬಹುದು. ಹೊಸ ಬಿಳಿ ಎರಿ ಕುಲುಕಾಟ ತಡೆಯುವುದಿಲ್ಲ, ಅಂಥ ಪೆಟ್ಟಿಗೆ ಬಿಡಿ. ಒಂದು ಕಿಲೋಮೀಟರ್ ಒಳಗಿನ ಜಾಗಕ್ಕೆ ಸಾಗಿಸಿದರೆ ಹುಳುಗಳು ಹಳೇ ಜಾಗಕ್ಕೇ ವಾಪಸ್ ಹೋಗುತ್ತವೆ. ಎರಡು ಮೂರು ಕಿಲೋಮೀಟರಿಗಿಂತ ದೂರದಿಂದ ತರುವುದೇ ಕ್ಷೇಮ.

ಬದುವಿನ ನೆರಳಲ್ಲಿ, ಬಾಗಿಲು ಪೂರ್ವಕ್ಕೆ. ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು, ಇಲ್ಲವಾದರೆ ಇರುವೆ ಮುತ್ತಿ ತುಡುವೆ ಗೂಡು ಬಿಟ್ಟು ಹಾರುತ್ತದೆ. ಮೊದಲ ಎರಡು ಮೂರು ದಿನ ಬಾಗಿಲಿಗೆ ರಾಣಿ ಹೊರಹೋಗದಂತೆ ತಡೆಯುವ ರಾಣಿ ಗೇಟು ಹಾಕಿ ಆಮೇಲೆ ತೆಗೆಯಿರಿ. ಬೇಸಿಗೆ ಬೆಳೆಯಾದ್ದರಿಂದ ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿ ನೀರಿಡುತ್ತೇನೆ. ಕಲ್ಲಿಲ್ಲದಿದ್ದರೆ ಹುಳು ಮುಳುಗಿ ಸಾಯುತ್ತವೆ.

ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ಔಷಧಿ. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್‌ನಂಥ ಕೀಟನಾಶಕಗಳು ಗಿಡದೊಳಗೆ ಇಳಿದು ಪರಾಗ, ಮಕರಂದಕ್ಕೂ ಬರುತ್ತವೆ. ಹೂ ಹತ್ತಿರ ಬಂದಾಗ ಡ್ರಿಪ್‌ನಲ್ಲೂ ಇವನ್ನು ಬಿಡುವುದಿಲ್ಲ. ಹಣ್ಣಿನ ನೊಣಕ್ಕೆ ಮೋಹಕ ಬಲೆ (ವಾಸನೆಯಿಂದ ನೊಣ ಸೆಳೆದು ಹಿಡಿಯುವ ಬಲೆ) ಕಟ್ಟುತ್ತೇನೆ. ಸಿಂಪಡಿಸಲೇಬೇಕಾದರೆ ಸಂಜೆ, ಹೂ ಮುದುಡಿ ಹುಳು ಗೂಡಿಗೆ ಮರಳಿದ ಮೇಲೆ. ಆದರೆ ಪಕ್ಕದಲ್ಲಿ ಹೀರೆ, ಸೋರೆ ಇದ್ದರೆ ಎಚ್ಚರ, ಅವು ಅರಳುವುದೇ ಸಂಜೆ. ಬೆಳಗ್ಗೆ ಎಂಟೂವರೆಗೆ ಬಂದು ಪವರ್ ಸ್ಪ್ರೇಯರ್ ಚಾಲೂ ಮಾಡುವ ಆಳುಗಳನ್ನು ತಡೆದು ನಿಲ್ಲಿಸಿ. ಪಕ್ಕದ ಹೊಲದವರಿಗೂ ಹೇಳಿಬಿಡಿ. ತುಡುವೆಗೆ ಬೇಲಿ ಗೊತ್ತಿಲ್ಲ.

ಕೆಲಸ ಆಗುತ್ತಿದೆಯೇ ಎಂದು ತಿಳಿಯಲು ಒಂಬತ್ತರ ಹೊತ್ತಿಗೆ ಸಾಲಿನಲ್ಲಿ ನಡೆದು ಹೆಣ್ಣು ಹೂಗಳ ಒಳಗೆ ನೋಡುತ್ತೇನೆ. ಶಲಾಕಾಗ್ರದ ಮೇಲೆ ಹಳದಿ ಹುಡಿ ಮೂರು ಹೋಳಿಗೂ ಮೆತ್ತಿದ್ದರೆ ಸರಿ. ಎರಡು ಮೂರು ದಿನದಲ್ಲಿ ನಿಲ್ಲುವ ಹೀಚು ಬಲಿತು ಕೆಳಕ್ಕೆ ಬಾಗುತ್ತದೆ, ನಿಲ್ಲದ್ದು ಹಳದಿಯಾಗಿ ಉದುರುತ್ತದೆ. ಮೋಡ ಕವಿದು ಹುಳು ಹೊರಬರದ ದಿನ, ಆಗತಾನೇ ಅರಳಿದ ಗಂಡು ಹೂ ಕಿತ್ತು, ದಳ ಬಿಡಿಸಿ, ಹೆಣ್ಣು ಹೂವಿನ ಮೂರೂ ಹೋಳಿಗೆ ಮೆತ್ತಗೆ ಸವರಿ. ಒಂದೆರಡು ಸಾಲಿಗೆ ಇದು ಸಾಧ್ಯ, ಎಕರೆಗಟ್ಟಲೆ ಆಗದು.

ಬಳ್ಳಿಗೆ ಒಂದೆರಡು ಕಾಯಿ ಗಟ್ಟಿಯಾಗಿ ನಿಂತ ಮೇಲೆ ಪೆಟ್ಟಿಗೆ ತೆಗೆದು ಹೂವಿರುವ ಜಾಗಕ್ಕೆ ಸಾಗಿಸುತ್ತೇನೆ. ತುಪ್ಪವನ್ನು ಎರಿಯಲ್ಲೇ ಬಿಡುತ್ತೇನೆ, ಮಳೆಗಾಲಕ್ಕೆ ಅವಕ್ಕೇ ಬೇಕು.