ಟೈಲ್ಸ್ ಕೆಲಸಕ್ಕೆ ದರ ಹೇಳುವ ಮುನ್ನ

ಟೈಲ್ಸ್ ಹಾಕುವ ಮೇಸ್ತ್ರಿಗೆ ಮೊದಲು ಎದುರಾಗುವ ಪ್ರಶ್ನೆ ‘ಚದರಕ್ಕೆ ಎಷ್ಟು?’ ಎಂಬುದು. ಮನೆಯ ಯಜಮಾನರು ಹೀಗೆ ಕೇಳುವುದು ಸಹಜ. ಆದರೆ ಜಾಗವನ್ನೇ ನೋಡದೆ ಫೋನಿನಲ್ಲಿ ಒಂದು ಅಂಕಿ ಹೇಳಿಬಿಟ್ಟರೆ ಕೊನೆಗೆ ಕೈ ಕಚ್ಚುವುದು ಮೇಸ್ತ್ರಿಗೇ. ಚದರದ ದರ (ಇಲ್ಲಿ ಚದರ ಮೀಟರಿನ ದರ) ಲೆಕ್ಕದ ಕೊನೆಯಲ್ಲಿ ಬರಬೇಕಾದ ಅಂಕಿ. ಅದನ್ನೇ ಮೊದಲಿಗೆ ಇಟ್ಟುಕೊಂಡರೆ ಲೆಕ್ಕ ತಲೆಕೆಳಗಾಗುತ್ತದೆ.

ಒಂದು ಉದಾಹರಣೆ ನೋಡಿ. 2.4 ಮೀಟರ್ ಉದ್ದ, 1.8 ಮೀಟರ್ ಅಗಲದ ಬಚ್ಚಲುಮನೆ. ನೆಲ 4.32 ಚದರ ಮೀಟರ್. ಗೋಡೆಗೆ 2.1 ಮೀಟರ್ ಎತ್ತರದವರೆಗೆ ಟೈಲ್ಸ್ ಹಾಕಿದರೆ 17.64. ಬಾಗಿಲಿನ 1.58 ಕಳೆದರೆ ಒಟ್ಟು 20.38. ಇನ್ನು 5.1 ಮೀಟರ್ ಉದ್ದ, 4 ಮೀಟರ್ ಅಗಲದ ಹಾಲ್ 20.4 ಚದರ ಮೀಟರ್. ಕಾಗದದ ಮೇಲೆ ಎರಡೂ ಒಂದೇ. ಹಾಲ್‌ನಲ್ಲಿ ದಾರ ಕಟ್ಟಿ ಸಾಲು ಹಿಡಿದರೆ ಕೆಲಸ ತಾನಾಗಿಯೇ ಓಡುತ್ತದೆ. ಬಚ್ಚಲಿನಲ್ಲಿ ನಾಲ್ಕು ಒಳಮೂಲೆ, ನಲ್ಲಿಯ ಪೈಪುಗಳಿಗೆ ರಂಧ್ರ, ನೀರು ಹೋಗುವ ಜಾಲಿಯತ್ತ ವಾಟ, ಬಾಗಿಲ ಚೌಕಟ್ಟಿನ ಸುತ್ತ ಸಣ್ಣ ತುಂಡುಗಳು. ಸಾಲದ್ದಕ್ಕೆ ನೀರು ಸೋರದಂತೆ ಬಳಿಯುವ ಲೇಪ, ಅದು ಒಣಗುವವರೆಗಿನ ಕಾಯುವಿಕೆ. ಎರಡಕ್ಕೂ ಒಂದೇ ದರ ಹೇಳಿದವರು ಹಾಲ್‌ನಲ್ಲಿ ಗಳಿಸಿದ್ದನ್ನು ಬಚ್ಚಲಿನಲ್ಲಿ ಕಳೆದುಕೊಳ್ಳುತ್ತಾರೆ. ಬರೀ ಬಚ್ಚಲಿನ ಕೆಲಸವೇ ಸಿಕ್ಕಿದ್ದರೆ ಕಳೆದುಕೊಳ್ಳುವುದಷ್ಟೇ ಉಳಿಯುತ್ತದೆ.

ಮೊದಲು ಅಳತೆ

ಟೇಪ್, ಉದ್ದನೆಯ ನೇರಪಟ್ಟಿ, ರಸಮಟ್ಟ, ಮೂಲೆಮಟ್ಟ, ಒಂದು ನೋಟ್‌ಬುಕ್ ಇಷ್ಟನ್ನು ಹಿಡಿದು ಜಾಗಕ್ಕೆ ಹೋಗಿ. ಪ್ರತಿ ಕೋಣೆಯನ್ನು ಎರಡು ಕಡೆ ಅಳೆಯಿರಿ. ಎದುರುಬದುರು ಗೋಡೆಗಳು ಸಮಾನಾಂತರವಾಗಿರುತ್ತವೆ ಎಂದು ನಂಬಬೇಡಿ. ಎರಡೂ ಕರ್ಣಗಳನ್ನು ಅಳೆದು ನೋಡಿ. ಅವು ಒಂದೇ ಬರದಿದ್ದರೆ ಕೋಣೆ ಓರೆಯಾಗಿದೆ ಎಂದರ್ಥ. ಆಗ ಗೋಡೆಯುದ್ದಕ್ಕೂ ಒಂದೊಂದು ಟೈಲನ್ನೂ ಬೇರೆ ಬೇರೆ ಅಳತೆಗೆ ಕತ್ತರಿಸಬೇಕಾಗುತ್ತದೆ.

ಅಳತೆಯನ್ನು ಮೂರು ಬಗೆಯಾಗಿ ಬರೆದುಕೊಳ್ಳುವುದು ವಾಸಿ. ನೆಲ, ಗೋಡೆ ಚದರದಲ್ಲಿ. ಸ್ಕರ್ಟಿಂಗ್ (ಗೋಡೆಯ ಬುಡಕ್ಕೆ ಹಾಕುವ ಟೈಲ್ ಪಟ್ಟಿ), 45 ಡಿಗ್ರಿ ಅಂಚು, ಹೊಸ್ತಿಲು, ಸಿಲಿಕೋನ್ ತುಂಬುವ ಸಂದು ಉದ್ದದ ಮೀಟರ್‌ನಲ್ಲಿ. ಮೆಟ್ಟಿಲು, ಪೈಪಿನ ರಂಧ್ರ, ಗೋಡೆಯ ಗೂಡು ಎಣಿಕೆಯಲ್ಲಿ. ಹತ್ತು ಸೆಂಟಿಮೀಟರ್ ಎತ್ತರದ ಸ್ಕರ್ಟಿಂಗನ್ನು ಚದರಕ್ಕೆ ಸೇರಿಸಿದರೆ ಅದು ಕಣ್ಣಿಗೇ ಬೀಳುವುದಿಲ್ಲ. ಆದರೆ ಅದನ್ನು ಕತ್ತರಿಸಿ, ಅಂಚು ಉಜ್ಜಿ, ಗೋಡೆಗೆ ಕೂರಿಸುವಷ್ಟರಲ್ಲಿ ಅರ್ಧ ದಿನ ಹೋಗಿರುತ್ತದೆ. ಸಣ್ಣ ಕಿಟಕಿಯ ಜಾಗವನ್ನು ಕೂಲಿಯ ಲೆಕ್ಕದಿಂದ ಕಳೆಯುವುದು ನನಗೆ ಸರಿ ಕಾಣುವುದಿಲ್ಲ. ಅಲ್ಲಿ ಟೈಲ್ ಉಳಿಯುತ್ತದೆ ನಿಜ, ಸುತ್ತ ಕತ್ತರಿಸುವ ಕೆಲಸ ಹೆಚ್ಚುತ್ತದೆ.

ಕೆಳಗಿನ ನೆಲ ಏನು ಹೇಳುತ್ತದೆ

ಹೆಚ್ಚಿನ ನಷ್ಟ ಹುಟ್ಟುವುದು ಟೈಲಿನ ಕೆಳಗೆ. ನೇರಪಟ್ಟಿಯನ್ನು ನೆಲದ ಮೇಲೆ ಇಟ್ಟು ಅಡಿಯಲ್ಲಿ ಬೆಳಕು ಎಲ್ಲಿ ಕಾಣುತ್ತದೆ ನೋಡಿ. ದೊಡ್ಡ ಟೈಲ್ಸ್ ಹಾಕುವುದಾದರೆ 3 ಮೀಟರ್ ಉದ್ದಕ್ಕೆ 3 ಮಿಲಿಮೀಟರ್‌ಗಿಂತ ಹೆಚ್ಚು ಏರುತಗ್ಗು ಇರಬಾರದು. ಇದ್ದರೆ ಮೊದಲು ಮಟ್ಟ ಮಾಡಬೇಕು, ಅದರ ಹಣ ಬೇರೆ. ಲೆಕ್ಕ ಸುಲಭ: ಒಂದು ಚದರ ಮೀಟರಿನಲ್ಲಿ ಒಂದು ಮಿಲಿಮೀಟರ್ ತುಂಬಲು ಒಂದು ಲೀಟರ್ ಬೇಕು. 20 ಚದರ ಮೀಟರಿನಲ್ಲಿ ಸರಾಸರಿ 6 ಮಿಲಿಮೀಟರ್ ಎಂದರೆ 120 ಲೀಟರ್. ತಾನೇ ಹರಡಿಕೊಂಡು ಮಟ್ಟವಾಗುವ ಮಿಶ್ರಣದ ಒಣ ಪುಡಿ ಲೀಟರಿಗೆ ಸುಮಾರು 1.7 ಕಿಲೋ ಬೇಕಾಗುತ್ತದೆ. ಅಂದರೆ ಸುಮಾರು 200 ಕಿಲೋ, 20 ಕಿಲೋ ತೂಕದ ಹತ್ತು ಚೀಲ. ‘ಸ್ವಲ್ಪ ಏರುತಗ್ಗು ಇದೆ, ಅಂಟಿನಲ್ಲೇ ಸರಿಮಾಡಿಕೊಳ್ಳೋಣ’ ಎಂಬ ಮಾತಿನ ಒಳಗೆ ಈ ಹತ್ತು ಚೀಲ ಅಡಗಿ ಕೂತಿರುತ್ತವೆ.

ಹಳೆಯ ಟೈಲ್ಸ್ ಮೇಲೆಯೇ ಹೊಸದು ಹಾಕುವುದಾದರೆ ಒಂದೊಂದನ್ನೂ ಬಡಿದು ಪೊಳ್ಳು ಸದ್ದು ಬರುತ್ತದೆಯೇ ಕೇಳಿ. ಕಿತ್ತು ಹಾಕುವುದಾದರೆ ಅವಶೇಷ ಸಾಗಿಸುವ ಖರ್ಚನ್ನು ಮರೆಯಬೇಡಿ. ಹೊಸ ಕಾಂಕ್ರೀಟಿಗೆ ವಾಡಿಕೆಯ 28 ದಿನ ಆಗಿದೆಯೇ ವಿಚಾರಿಸಿ. ಬಚ್ಚಲಿನಲ್ಲಿ ಲೇಪ ಬಳಿದ ಮೇಲೆ 24 ಗಂಟೆ ನೀರು ನಿಲ್ಲಿಸಿ ಪರೀಕ್ಷಿಸುವುದೂ ಸೇರಿ, ಕಾಯುವ ದಿನಗಳನ್ನು ವೇಳಾಪಟ್ಟಿಯಲ್ಲಿ ತೋರಿಸಿ. ಕಿತ್ತ ಮೇಲಷ್ಟೇ ಗೊತ್ತಾಗುವ ಸಂಗತಿಗಳಿಗೆ ಕಣ್ಣುಮುಚ್ಚಿ ಖಚಿತ ದರ ಕೊಡಬೇಡಿ. ‘ಕೆಳಗೆ ದುರಸ್ತಿ ಬೇಕಾದರೆ ಚದರ ಮೀಟರಿಗೆ ಇಷ್ಟು’ ಎಂದು ಮೊದಲೇ ಬರೆದಿಟ್ಟರೆ ಆಮೇಲೆ ಜಗಳವಿಲ್ಲ.

ಸಾಮಗ್ರಿ

ನೇರ ಸಾಲಿಗೆ ಶೇ 10ರಷ್ಟು ಪೋಲು, ಕರ್ಣದ ದಿಕ್ಕಿಗೆ ಶೇ 15, ಹೆಣಿಗೆಯ ವಿನ್ಯಾಸಕ್ಕೆ ಇನ್ನೂ ಹೆಚ್ಚು ಎಂದು ಹಿಡಿಯಬಹುದು. ಸಣ್ಣ ಕೋಣೆಗೆ ದೊಡ್ಡ ಟೈಲ್ ಬಂದರೆ ಈ ಅಂಕಿ ನಂಬಬೇಡಿ, ನಕ್ಷೆ ಬರೆದು ಒಂದೊಂದಾಗಿ ಎಣಿಸಿ. ಮೇಲಿನ ಹಾಲ್‌ಗೆ 20.4ಕ್ಕೆ ಶೇ 10 ಸೇರಿಸಿದರೆ 22.44. 600 ಮಿಲಿಮೀಟರ್ ಚೌಕದ ನಾಲ್ಕು ಟೈಲಿನ ಪೆಟ್ಟಿಗೆ 1.44 ಚದರ ಮೀಟರ್ ತುಂಬುತ್ತದೆ. ಭಾಗಿಸಿದರೆ 15.58, ಅಂದರೆ 16 ಪೆಟ್ಟಿಗೆ. ಎಲ್ಲವೂ ಒಂದೇ ಬ್ಯಾಚಿನವು ಆಗಿರಲಿ. ಬ್ಯಾಚ್ ಬದಲಾದರೆ ಬಣ್ಣವೂ ಕೊಂಚ ಬದಲಾಗಬಹುದು.

ಅಂಟು ಒಂದು ಮಿಲಿಮೀಟರ್ ದಪ್ಪಕ್ಕೆ ಚದರ ಮೀಟರಿಗೆ ಸುಮಾರು 1.3 ಕಿಲೋ ಹಿಡಿಯುತ್ತದೆ. ಅಂಟಿನ ಹಾಸು 3 ಮಿಲಿಮೀಟರ್ ಆದರೆ 20 ಕಿಲೋ ಚೀಲ ಐದು ಚದರ ಮೀಟರಿಗೆ ಸಾಕು. ಟೈಲಿನ ಬೆನ್ನಿಗೂ ಬಳಿಯುವುದಾದರೆ ಇನ್ನೂ ಬೇಕು.

ಟೈಲುಗಳ ನಡುವಿನ ಸಂದು ತುಂಬುವ ಗ್ರೌಟನ್ನು ಬಹಳ ಜನ ಅಂದಾಜಿಗೆ ಬಿಟ್ಟುಬಿಡುತ್ತಾರೆ. ಸೂತ್ರ ಇದೆ: ಟೈಲಿನ ಉದ್ದ ಮತ್ತು ಅಗಲ ಕೂಡಿಸಿ, ಅವೆರಡರ ಗುಣಲಬ್ಧದಿಂದ ಭಾಗಿಸಿ, ಟೈಲಿನ ದಪ್ಪ, ಸಂದಿನ ಅಗಲ ಮತ್ತು 1.6ರಿಂದ ಗುಣಿಸಿ. ಎಲ್ಲ ಅಳತೆ ಮಿಲಿಮೀಟರಿನಲ್ಲಿ. ಉತ್ತರ ಚದರ ಮೀಟರಿಗೆ ಎಷ್ಟು ಕಿಲೋ ಎಂದು. 600 ಚೌಕದ, 9 ದಪ್ಪದ ಟೈಲಿಗೆ 3 ಮಿಲಿಮೀಟರ್ ಸಂದು ಬಿಟ್ಟರೆ 0.14 ಕಿಲೋ ಬರುತ್ತದೆ. 25 ಚೌಕದ, 6 ದಪ್ಪದ ಮೊಸಾಯಿಕ್‌ಗೆ 2 ಮಿಲಿಮೀಟರ್ ಸಂದಿಗೆ 1.5 ಕಿಲೋ. ಹತ್ತು ಪಟ್ಟು! ಗ್ರೌಟ್ ಹತ್ತು ಪಟ್ಟು ಬೇಕಾದಲ್ಲಿ ತುಂಬುವ, ಒರೆಸುವ ಹೊತ್ತೂ ಹೆಚ್ಚಬೇಕಲ್ಲವೇ? ಮೊಸಾಯಿಕ್‌ಗೆ ಬೇರೆ ದರ ಏಕೆ ಎಂದು ಕೇಳುವವರಿಗೆ ಈ ಲೆಕ್ಕವನ್ನೇ ತೋರಿಸಬಹುದು.

ಸ್ಲೇಟ್‌ಗೆ ಬೇರೆಯೇ ಪುಟ

ಕಾರ್ಖಾನೆಯ ಟೈಲ್ ಒಂದರಂತೆ ಇನ್ನೊಂದು ಇರುತ್ತದೆ. ಸ್ಲೇಟ್ ಹಾಗಲ್ಲ, ಪದರ ಪದರವಾಗಿ ಸೀಳಿ ತೆಗೆದ ಕಲ್ಲು. ಬೆನ್ನು ಸಮ ಮಾಡದೆ ಬಂದ ಕಲ್ಲುಗಳಲ್ಲಿ ಒಂದು 8 ಮಿಲಿಮೀಟರ್ ದಪ್ಪವಿದ್ದರೆ ಪಕ್ಕದ್ದು 14 ಇರಬಹುದು. ಹಾಗಾಗಿ ಹಾಕುವ ಮೊದಲು ಎಲ್ಲವನ್ನೂ ದಪ್ಪದ ಪ್ರಕಾರ ವಿಂಗಡಿಸಬೇಕು, ಪದರ ಎದ್ದವನ್ನು ಬೇರೆ ಇಡಬೇಕು. ಈ ಹೊತ್ತಿಗೂ ಕೂಲಿ ಇದೆ. ಅಂಟಿನ ಹಾಸು ಸರಾಸರಿ 3ರ ಬದಲು 6 ಮಿಲಿಮೀಟರ್ ಆದರೆ ಅಂಟು ನೇರವಾಗಿ ದುಪ್ಪಟ್ಟು.

ಮುಂದಿನದು ಸೀಲರ್, ಕಲ್ಲು ಕಲೆ ಹೀರದಂತೆ ಬಳಿಯುವ ದ್ರವ. ಒರಟು ಮೈಯ ಸ್ಲೇಟಿಗೆ ಗ್ರೌಟ್ ತುಂಬುವ ಮೊದಲೇ ಒಂದು ಕೈ ಸೀಲರ್ ಬಳಿಯದಿದ್ದರೆ ಗ್ರೌಟಿನ ಹಾಲು ಕಲ್ಲಿನ ಗೆರೆಗಳಲ್ಲಿ ಕೂತು ಬಿಳಿಚಿಕೊಳ್ಳುತ್ತದೆ. ಅದನ್ನು ತೆಗೆಯಲು ತಗಲುವ ಸಮಯಕ್ಕೆ ಯಾರೂ ಹಣ ಕೊಡುವುದಿಲ್ಲ. ಗ್ರೌಟ್ ಒಣಗಿದ ಮೇಲೆ ಮತ್ತೊಂದು ಕೈ. ಕಲ್ಲಿನಲ್ಲಿ ತೇವ ಉಳಿದಿರುವಾಗ ಸೀಲರ್ ಬಳಿಯಬಾರದು, ಆದ್ದರಿಂದ ಬಂದು ಹೋಗುವ ಒಂದೆರಡು ಸಲದ ಖರ್ಚೂ ಸೇರುತ್ತದೆ. ಸೀಲರ್ ಎಷ್ಟು ಬೇಕು ಎಂಬುದನ್ನು ಡಬ್ಬಿಯ ಮೇಲಿನ ಅಂಕಿಗಿಂತ ಒಂದು ಉಳಿಕೆ ಕಲ್ಲಿನ ಮೇಲೆ ಬಳಿದು ನೋಡಿ ತಿಳಿಯುವುದೇ ಮೇಲು. ಕೆಲವು ಕಲ್ಲು ಕುಡಿಯುತ್ತಲೇ ಇರುತ್ತವೆ.

ತೂಕವನ್ನೂ ಗಮನಿಸಿ. 12 ಮಿಲಿಮೀಟರ್ ದಪ್ಪದ ಸ್ಲೇಟ್ ಚದರ ಮೀಟರಿಗೆ ಸುಮಾರು 33 ಕಿಲೋ. 20 ಚದರ ಮೀಟರಿಗೆ 660 ಕಿಲೋ. ಲಿಫ್ಟ್ ಇಲ್ಲದ ಮೂರನೇ ಮಹಡಿಗೆ ಇದು ಹೆಗಲ ಮೇಲೆಯೇ ಹೋಗಬೇಕು. ಕೊಟೇಶನ್‌ನಲ್ಲಿ ‘ಸಾಗಣೆ’ ಎಂದು ಒಂದು ಸಾಲು ಬೇಡವೇ?

ದಿನದ ಬೆಲೆ

ಕೆಲಸವನ್ನು ತುಂಡು ತುಂಡಾಗಿ ಬರೆದು ಪ್ರತಿಯೊಂದಕ್ಕೂ ಗಂಟೆ ಹಾಕಿ: ತಯಾರಿ, ಸಾಲು ಗುರುತಿಸುವುದು, ಹಾಕುವುದು, ಕತ್ತರಿಸುವುದು, ಗ್ರೌಟ್, ಸಿಲಿಕೋನ್, ಶುಚಿ ಮಾಡಿ ಹೊರಡುವುದು. ಮುಗಿಸಿದ ಕೆಲಸಗಳ ನಿಜವಾದ ಗಂಟೆಗಳನ್ನು ಬರೆದಿಟ್ಟಿದ್ದರೆ ಇಲ್ಲಿ ಊಹೆಯ ಹಂಗಿಲ್ಲ.

ಗಂಟೆಯ ಬೆಲೆ ಎಷ್ಟು? ವರ್ಷದ 365 ದಿನಗಳಿಂದ 52 ವಾರದ ರಜೆ ಕಳೆಯಿರಿ. ಹಬ್ಬ, ಕಾಯಿಲೆಗೆ 20 ಎನ್ನಿ. ಜಾಗ ನೋಡುವುದು, ಸಾಮಾನು ತರುವುದು, ಕೆಲಸವಿಲ್ಲದೆ ಕೂರುವುದು ಸೇರಿ ಇನ್ನು 50. ಉಳಿದದ್ದು 243. ನಿಮ್ಮ ವರ್ಷದ ಸಂಪಾದನೆ, ಜೊತೆಗೆ ವಾಹನ, ಯಂತ್ರಗಳ ಸವೆತ, ವಜ್ರದ ಬ್ಲೇಡ್, ವಿಮೆ, ಫೋನ್ ಎಲ್ಲವನ್ನೂ ಈ 243 ದಿನಗಳೇ ಹೊರಬೇಕು. ಸಹಾಯಕರ ಕೂಲಿ ಇದರ ಮೇಲೆ.

ಲಾಭದ ಲೆಕ್ಕದಲ್ಲಿ ಒಂದು ಜಾರುಗುಂಡಿ ಇದೆ. ವೆಚ್ಚ 100 ಇದ್ದು, ಬಿಲ್ಲಿನಲ್ಲಿ ಶೇ 20 ಲಾಭ ಬೇಕಾದರೆ ಹೇಳಬೇಕಾದದ್ದು 120 ಅಲ್ಲ, 125. 120 ಹೇಳಿದರೆ ಕೈಗೆ ಸಿಗುವುದು ಬಿಲ್ಲಿನ ಶೇ 16.7 ಮಾತ್ರ. ವೆಚ್ಚವನ್ನು 0.8ರಿಂದ ಭಾಗಿಸಿದರೆ ಸರಿಯಾದ ಅಂಕಿ ಬರುತ್ತದೆ. ಇಷ್ಟೆಲ್ಲ ಆದ ಮೇಲೆ ಒಟ್ಟು ಮೊತ್ತವನ್ನು ಅಳತೆಯಿಂದ ಭಾಗಿಸಿ, ಚದರದ ದರ ಹೇಳಿ. ಮುಖ ನೋಡಿ ಮಣೆ ಹಾಕುವ ಅಭ್ಯಾಸವಿದ್ದವರಿಗೆ ಈ ಲೆಕ್ಕ ಹಿಡಿಸಲಿಕ್ಕಿಲ್ಲ; ಎರಡು ಮನೆಯವರು ತಮ್ಮ ದರ ಹೋಲಿಸಿ ನೋಡಿದಾಗ ಉತ್ತರ ಕೊಡಲು ಮಾತ್ರ ಇದೇ ಬೇಕು.

ಕಾಗದದ ಮೇಲೆ

ಏನು ಸೇರಿದೆ ಎಂಬಷ್ಟೇ ಸ್ಪಷ್ಟವಾಗಿ ಏನು ಸೇರಿಲ್ಲ ಎಂಬುದನ್ನೂ ಬರೆಯಿರಿ: ಪ್ಲಂಬಿಂಗ್, ಬಾಗಿಲಿನ ಅಡಿ ಕತ್ತರಿಸುವುದು, ಗೋಡೆಗೆ ಬಣ್ಣ. ದರ ಎಷ್ಟು ದಿನ ನಡೆಯುತ್ತದೆ, ಮುಂಗಡ ಎಷ್ಟು, ಯಾವ ಹಂತಕ್ಕೆ ಎಷ್ಟು ಎಂಬುದೂ ಇರಲಿ.

ಚೌಕಾಸಿಗೆ ಇಳಿದಾಗ ದರವನ್ನು ಕಡಿಮೆ ಮಾಡುವ ಬದಲು ಕೆಲಸವನ್ನು ಕಡಿಮೆ ಮಾಡಿ ತೋರಿಸಿ. ಕರ್ಣದ ವಿನ್ಯಾಸ ಬಿಟ್ಟು ನೇರ ಸಾಲಿಗೆ ಬಂದರೆ ಇಷ್ಟು ಉಳಿಯುತ್ತದೆ, ಹಳೆಯ ಟೈಲ್ಸ್ ನೀವೇ ತೆಗೆಸಿಕೊಟ್ಟರೆ ಇನ್ನಷ್ಟು. ಲೇಪ, ನೀರಿನ ಪರೀಕ್ಷೆ, ನೆಲ ಮಟ್ಟ ಮಾಡುವುದು ಈ ಮೂರನ್ನು ಮಾತ್ರ ಚೌಕಾಸಿಗೆ ಇಡಬೇಡಿ. ಕೆಲಸದ ನಡುವೆ ‘ಈ ಗೋಡೆಗೂ ಹಾಕಿಬಿಡಿ’ ಎಂದರೆ ಅಳತೆ, ದರ ಬರೆದು ಮೊಬೈಲಿಗೆ ಕಳಿಸಿ, ‘ಆಗಲಿ’ ಎಂಬ ಉತ್ತರ ಬಂದ ಮೇಲೆ ಪೆಟ್ಟಿಗೆ ಒಡೆಯಿರಿ.